ಎರಡನೇ ಪಾಸು

ತಂಡದವರು ಅವನಿಗೆ ಇಟ್ಟ ಹೆಸರು ಬೆರಳು. ಟೈರ್ ಕಾರ್ಖಾನೆಯ ವಾಲಿಬಾಲ್ ತಂಡದಲ್ಲಿ ಹದಿಮೂರು ವರ್ಷದಿಂದ ಸೆಟ್ಟರ್. ಅಂದರೆ ಬಂದ ಚೆಂಡನ್ನು ಬೆರಳ ತುದಿಯಲ್ಲಿ ಎತ್ತಿ, ಹೊಡೆಯುವವನ ಕೈಗೆ ಸರಿಯಾಗಿ ಸಿಗುವಂತೆ ಕೊಡುವವನು. ಪಾಯಿಂಟು ಬಂದರೆ ಚೆಂಡು ಹೊಡೆದವನಿಗೆ ಚಪ್ಪಾಳೆ, ಹೋದರೆ ಎತ್ತಿಕೊಟ್ಟವನಿಗೆ ಬೈಗುಳ. ಚೆಂಡು ಎಡಕ್ಕೆ ಹೋಗುತ್ತದೋ ಬಲಕ್ಕೋ ಎಂದು ಎದುರಿನವರಿಗೆ ಕೊನೇ ಗಳಿಗೆಯವರೆಗೂ ಗೊತ್ತಾಗಬಾರದು, ಅದೇ ಆ ಕಸುಬಿನ ಗುಟ್ಟು. ಇಷ್ಟು ವರ್ಷ ಕಣ್ಣಿನಿಂದಲೂ ಭುಜದಿಂದಲೂ ಸುಳ್ಳು ಹೇಳಿಸಿ ಪಳಗಿದವನಿಗೆ ಬಾಯಲ್ಲಿ ಸುಳ್ಳು ಹೇಳುವುದು ನೀರು ಕುಡಿದಷ್ಟು ಸಲೀಸಾಗಿರಬೇಕಿತ್ತು. ಆಗಿರಲಿಲ್ಲ.

ಅವನ ವಾಸ ಕನ್ನಡಕದ ಅಂಗಡಿಯೊಂದರ ಮಹಡಿಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ. ಒಂದು ಕೋಣೆ ಅಂಗಡಿಯವನದು, ಇನ್ನೊಂದರಲ್ಲಿ ಬಾಡಿಗೆಗೆ ಆಟಗಾರ ಇದ್ದಾನೆ ಎಂದು ಬೀದಿಯವರು ತಿಳಿದಿದ್ದರು. ಒಂಬತ್ತು ವರ್ಷದಿಂದ ಅವರಿಬ್ಬರೂ ಸಂಸಾರ ಮಾಡಿಕೊಂಡಿದ್ದ ವಿಷಯ ಅವರು ಯಾರಿಗೂ ಹೇಳಿದ್ದಲ್ಲ. ಕನ್ನಡಕದವನು ಹಗಲೆಲ್ಲ ಗಾಜು ಉಜ್ಜುತ್ತಿದ್ದ. ಮ್ಯಾಚಿದ್ದ ದಿನ ಮಾತ್ರ ಬಾಗಿಲಿಗೆ ಬೀಗ ಜಡಿದು, ತನ್ನ ಟಿಕೆಟ್ ತಾನೇ ಕೊಂಡು, ಸಾಮಾನ್ಯ ಗ್ಯಾಲರಿಯ ಮೂರನೇ ಕಂಬದ ಹಿಂದೆ ಕೂರುತ್ತಿದ್ದ. ಅಲ್ಲಿಂದ ಅಂಕಣದ ಅರ್ಧವಷ್ಟೇ ಕಾಣುತ್ತದೆ. ಉಳಿದರ್ಧವನ್ನು ರಾತ್ರಿ ಊಟಕ್ಕೆ ಕೂತಾಗ ಬೆರಳು ಹೇಳಬೇಕು.

ಆ ವರ್ಷದ ಫೈನಲ್ ಬೆರಳಿನ ಕೊನೆಯ ಮ್ಯಾಚು. ಮೊಣಕಾಲು ಕೈಕೊಟ್ಟಿತ್ತು. ಮುಂದೆ ಕಾರ್ಖಾನೆಯ ಕಿರಿಯರ ತಂಡಕ್ಕೆ, ಹನ್ನೆರಡು ಹದಿಮೂರು ವರ್ಷದ ಹುಡುಗರಿಗೆ, ಕೋಚ್ ಆಗುವುದೆಂದು ಮಾತಾಗಿತ್ತು. ಫೈನಲ್ ಮುಗಿದ ಸೋಮವಾರ ಕಾಗದಕ್ಕೆ ಸಹಿ ಬೀಳಬೇಕಿತ್ತು. ಅದು ತಪ್ಪಿದರೆ ಗೋದಾಮಿನಲ್ಲಿ ಟೈರ್ ಎಣಿಸುತ್ತಾ ಕೂರಬೇಕು, ಚೆಂಡು ಮುಟ್ಟುವ ದಿನಗಳು ಮುಗಿದಂತೆಯೇ. "ಹುಡುಗರ ಅಪ್ಪ ಅಮ್ಮಂದಿರಿಗೆ ನಿನ್ ಮೇಲೆ ನಂಬಿಕೆ ಇದೆಯಪ್ಪ" ಎಂದಿದ್ದರು ಕ್ರೀಡಾಧಿಕಾರಿ. "ಒಂದು ಮದುವೆ ಆಗಿದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ಮ್ಯಾಚಿಗೆ ಹತ್ತು ದಿನವಿರುವಾಗ ಕನ್ನಡಕದವನು ಅನ್ನ ಬಡಿಸುತ್ತಾ ಹೇಳಿದ. "ಈ ಸಲ ಕಂಬದ ಹಿಂದೆ ಕೂರಲ್ಲ ನಾನು."

"ಮತ್ತೆ?"

"ಮನೆಯವರು ಕೂರೋ ಕಡೆ ಕೂರ್ತೀನಿ. ಏನಂತ ಬರ್ಕೋತೀಯೋ ಬರ್ಕೋ. ಕೊನೇ ಆಟಾನ ಪೂರ್ತಿ ನೋಡ್ಬೇಕು."

ಅವನು ಕೇಳಿದ್ದು ಒಂದು ಕುರ್ಚಿ ಮಾತ್ರ. ಆದರೆ ಆ ಕುರ್ಚಿಯ ದಾರಿಯಲ್ಲಿ ತಂಡದ ಮ್ಯಾನೇಜರ್ ಇದ್ದರು. ಪ್ರತಿ ಆಟಗಾರನಿಗೂ ಎರಡು ಪಾಸು, ಮನೆಯವರಿಗೆ ಮಾತ್ರ. ಹಿಂದೊಮ್ಮೆ ಯಾರೋ ಬಟ್ಟೆ ಅಂಗಡಿಯ ಮಾಲೀಕನನ್ನು ಸೋದರಮಾವ ಎಂದು ಕರೆತಂದು ಸಿಕ್ಕಿಬಿದ್ದಿದ್ದ. ಅಂದಿನಿಂದ ಮ್ಯಾನೇಜರ್ ಸಂಬಂಧವನ್ನು ಪಟ್ಟಿಯಲ್ಲಿ ಬರೆಸಿಕೊಂಡು, ಮ್ಯಾಚಿಗೆ ಮೂರು ದಿನ ಮುಂಚೆ ತಂಡದ ಬಸ್ಸಿನಲ್ಲಿ ನಿಂತು ಎಲ್ಲರೆದುರು ಗಟ್ಟಿಯಾಗಿ ಓದುತ್ತಿದ್ದರು. ಮ್ಯಾಚಿನ ದಿನ ಗೇಟಿನಲ್ಲಿ ತಾವೇ ನಿಂತು ಒಬ್ಬೊಬ್ಬರನ್ನೂ ಸಂಬಂಧ ಹಿಡಿದೇ ಮಾತಾಡಿಸುತ್ತಿದ್ದರು. ಒಳ್ಳೆಯ ಮನುಷ್ಯ. ಒಳ್ಳೆಯವರಿಗೆ ಮೂಗು ತೂರಿಸುವ ಹಕ್ಕು ತಾನಾಗಿಯೇ ಬಂದುಬಿಡುತ್ತದೆ.

ಇದ್ದದ್ದನ್ನು ಇದ್ದ ಹಾಗೆ ಬರೆಯಬಾರದಿತ್ತೇ ಎಂದು ಗ್ಯಾಲರಿಯಲ್ಲಿ ಕೂತವರು ಕೇಳಬಹುದು. ಕೂತು ಕೇಳುವವರಿಗೇನು ಹೋಗುತ್ತದೆ? ಹಿಂದಿನ ತಿಂಗಳಷ್ಟೇ ಬೇರೊಂದು ತಂಡದ ಆಟಗಾರನೊಬ್ಬ, ತಾನು ಗಂಡಸೊಬ್ಬನ ಜೊತೆ ಬಾಳುತ್ತಿದ್ದೇನೆ ಎಂದು ಕ್ಯಾಮೆರಾದೆದುರು ಹೇಳಿದ್ದ. ಎರಡು ದಿನ ಎಲ್ಲರೂ ಭೇಷ್ ಎಂದರು. ಮೂರನೇ ದಿನ ಅವನು ಸರ್ವಿಸ್ ಮಾಡಲು ನಿಂತಾಗಲೆಲ್ಲ ಗ್ಯಾಲರಿ ಮುತ್ತಿಕ್ಕುವ ಸದ್ದು ಮಾಡತೊಡಗಿತು. ಅವನ ತಂಡದವರು ಅವನನ್ನು ಕಿತ್ತುಹಾಕಲಿಲ್ಲ. ಮುಂದಿನ ವರ್ಷಕ್ಕೆ ಹೊಸಬರನ್ನು ತಗೊಳ್ಳುತ್ತೇವೆ ಎಂದರು, ಅಷ್ಟೆ. ಕಾರಣ ಯಾರೂ ಹೇಳಲಿಲ್ಲ. ಬೆರಳಿಗೆ ಎಲ್ಲಕ್ಕಿಂತ ಹೆದರಿಕೆಯಾದದ್ದು ಅದಕ್ಕೇ. ಬೈದರೆ ಎದುರು ಮಾತಾಡಬಹುದು, ಏನೂ ಅನ್ನದವರ ಜೊತೆ ಜಗಳವಾಡುವುದು ಹೇಗೆ?

ಆ ಸುದ್ದಿ ಬಂದ ದಿನ ಬಸ್ಸಿನ ಹಿಂದಿನ ಸೀಟಿನಿಂದ ಒಬ್ಬ, "ಅವನ ಪಾಡು ಅವನಿಗೆ. ನನ್ನ ಮಾತ್ರ ಅಂಥೋರ ರೂಮಿಗೆ ಹಾಕ್ಬೇಡಿ" ಎಂದಿದ್ದ. ಬಸ್ಸು ನಕ್ಕಿತ್ತು. ಬೆರಳು ತಾನೂ ನಕ್ಕ, ನಗುತ್ತಲೇ ಯಾರ್‍ಯಾರು ನಕ್ಕರೆಂದು ನೋಡಿಕೊಂಡ. ಹೊರಊರಿಗೆ ಹೋದಾಗ ಎಂಟು ವರ್ಷದಿಂದ ಅವನ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದವನು ಏಣಿ. ತಂಡದಲ್ಲಿ ಎಲ್ಲರಿಗಿಂತ ಎತ್ತರದ ಹೊಡೆತಗಾರ. ಏಣಿ ಕಿಟಕಿಯ ಕಡೆ ತಿರುಗಿ ಕೂತಿದ್ದ. ಅವನು ನಕ್ಕನೋ ಇಲ್ಲವೋ ಬೆನ್ನಿನಿಂದ ಗೊತ್ತಾಗಲಿಲ್ಲ. ಒಂದು ತಿಂಗಳಿನಿಂದ ಬೆರಳಿಗೆ ಅದೇ ಕೊರೆತ.

ಕೊನೆಗೆ ಪಟ್ಟಿಯಲ್ಲಿ ಬರೆದದ್ದು ಹೀಗೆ. ಒಂದನೇ ಪಾಸು, ತಾಯಿ. ಎರಡನೇ ಪಾಸು, ಭಾವ.

ಮ್ಯಾನೇಜರ್ ಬಸ್ಸಿನಲ್ಲಿ ಓದುತ್ತಾ ಬಂದವರು ಅಲ್ಲಿ ತಡೆದರು. ಕನ್ನಡಕ ಮೇಲೇರಿಸಿದರು. "ನೀನು ಒಬ್ನೇ ಮಗ ಅಲ್ವೇನೋ? ಭಾವ ಎಲ್ಲಿಂದ ಬಂದ?"

ಬೆರಳು ನಾಲಿಗೆ ಕಚ್ಚಿಕೊಂಡ. ಮೈದಾನದಲ್ಲಿ ಕಣ್ಮುಚ್ಚಿ ತೆರೆಯುವುದರೊಳಗೆ ದಾರಿ ಹುಡುಕುವವನು ಇಲ್ಲೂ ಹುಡುಕಿದ. "ದೊಡ್ಡಮ್ಮನ ಮಗಳ ಗಂಡ, ಸಾರ್."

"ನಿಮ್ಮಮ್ಮನಿಗೆ ಅಕ್ಕ ಇದಾರಾ? ಇಷ್ಟು ವರ್ಷದಿಂದ ಮಾತಾಡ್ತಾ ಇದೀನಿ, ಒಂದ್ ಸಲಾನೂ ಹೇಳಿಲ್ವಲ್ಲ."

"ಅಷ್ಟಾಗಿ ಬಳಕೆ ಇಲ್ಲ, ಸಾರ್."

"ಇರ್ಲಿ, ಗೇಟಲ್ಲಿ ಸಿಗ್ತಾರಲ್ಲ, ಅವರನ್ನೇ ಕೇಳ್ತೀನಿ" ಎಂದು ಮ್ಯಾನೇಜರ್ ಮುಂದಿನ ಹೆಸರಿಗೆ ಹೋದರು. ಕೇಡು ಬಯಸಿ ಅಂದ ಮಾತಲ್ಲ. ಬೆರಳಿಗೆ ಮಾತ್ರ ಕೂತ ಸೀಟೇ ಕುಸಿದಂತಾಯಿತು.

ಇಲ್ಲದ ದೊಡ್ಡಮ್ಮನನ್ನು ಹುಟ್ಟಿಸಿಯಾಗಿತ್ತು, ಇನ್ನು ಅಮ್ಮನಿಗೆ ಒಂದು ಮಾತು ಹೇಳಬೇಕಿತ್ತು. ಅಮ್ಮ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿ ದುಡಿದವಳು, ಮಾತು ಕಡಿಮೆ. ಕನ್ನಡಕದವನನ್ನು ಅವಳಿಗೆ ಮನೆ ಮಾಲೀಕನೆಂದು ಪರಿಚಯಿಸಿದ್ದ. ಅವನು ಮೂರು ದಿನದಲ್ಲಿ ನಾಲ್ಕು ಸಲ ಫೋನ್ ಮಾಡಿದ. ನಿನಗೊಬ್ಬ ಅಕ್ಕ ಇದ್ದಾಳೆಂದು ಒಪ್ಪಿಕೋ ಎಂದರೆ ಭಾವ ಯಾರು ಎಂಬ ಪ್ರಶ್ನೆ ಬರುತ್ತದೆ. ನಾಲ್ಕು ಸಲವೂ ಬಸ್ಸಿನ ಸಮಯ ಹೇಳಿ ಇಟ್ಟುಬಿಟ್ಟ.

"ನಾಲ್ಕನೇ ಸಲ ಹೇಳ್ತಿದೀಯ, ಎರಡೂವರೆ ಬಸ್ಸು ಅಂತ" ಎಂದಳು ಅಮ್ಮ. "ಬೇರೆ ಏನಾದ್ರೂ ಇದೆಯಾ?"

"ಇಲ್ಲ ಕಣಮ್ಮ."

ಫೈನಲ್ ಸಂಜೆ ನಾಲ್ಕಕ್ಕೆ. ಅಭ್ಯಾಸಕ್ಕೆಂದು ಚೆಂಡು ಎತ್ತುತ್ತಿದ್ದ ಬೆರಳಿನ ಕಣ್ಣೆಲ್ಲ ಗೇಟಿನ ಮೇಲಿತ್ತು. ಅಮ್ಮ ಬಂದಳು. ಅವಳ ಹಿಂದೆಯೇ ಕನ್ನಡಕದವನು, ಹೊಸ ಅಂಗಿ ತೊಟ್ಟು. ಮ್ಯಾನೇಜರ್ ನಗುತ್ತಾ ಏನೋ ಕೇಳಿದರು. ಅಮ್ಮ ಏನೋ ಹೇಳಿದಳು. ಮ್ಯಾನೇಜರ ನಗು ನಿಂತಿತು. ಪಟ್ಟಿ ನೋಡಿಕೊಂಡರು, ಕನ್ನಡಕದವನನ್ನು ನೋಡಿದರು, ಆಮೇಲೆ ತಿರುಗಿ ನೇರವಾಗಿ ಅಂಕಣದ ಕಡೆಗೆ ನೋಡಿದರು. ಬೆರಳು ಮೇಲಕ್ಕೆತ್ತಿದ್ದ ಚೆಂಡು ಅವನ ನೆತ್ತಿಯ ಮೇಲೇ ಬಿತ್ತು.

ಮೊದಲ ಸೆಟ್ಟು ಹೋಯಿತು. ಅವನು ಎಲ್ಲಿಗೆ ಕೊಡುತ್ತಾನೆಂದು ಎದುರಿನವರಿಗಿರಲಿ, ಗ್ಯಾಲರಿಯ ಕಡಲೆಕಾಯಿಯವನಿಗೂ ಗೊತ್ತಾಗುತ್ತಿತ್ತು. ಸೋಮವಾರದ ಕಾಗದ, ಕಿರಿಯರ ಅಪ್ಪಂದಿರ ಮುಖ, ಗಂಡು ಹುಡುಗರ ಮಣಿಕಟ್ಟು ಹಿಡಿದು ಕಲಿಸಬೇಕಾದ ತನ್ನ ಕೈ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬರುತ್ತಿದ್ದವು.

ವಿರಾಮದಲ್ಲಿ ಏಣಿ ನೀರಿನ ಬಾಟಲಿ ಹಿಡಿದು ಪಕ್ಕಕ್ಕೆ ಬಂದ. "ನಿನ್ ಭಾವ ಆರಾಮಾಗಿ ಕೂತಿದಾರೆ. ಆ ಕಡೆ ನೋಡಿದ್ದು ಸಾಕು. ನಂಗೆ ಚೆಂಡು ಕೊಡು."

ಭಾವ ಎಂಬುದನ್ನು ಅವನು ಒತ್ತಿ ಹೇಳಿದನೇ, ಸುಮ್ಮನೆ ಹೇಳಿದನೇ? ಎರಡನೇ ಸೆಟ್ಟೆಲ್ಲ ಬೆರಳು ಅದನ್ನೇ ಯೋಚಿಸಿದ. ಆದರೆ ಕೈಗೆ ಹದಿಮೂರು ವರ್ಷದ ರೂಢಿ, ಅದು ತಲೆಯನ್ನು ಕೇಳದೆ ಕೆಲಸ ಮಾಡಿತು. ಏಣಿ ಹೊಡೆದ. ಐದನೇ ಸೆಟ್ಟಿನಲ್ಲಿ ಎರಡು ಪಾಯಿಂಟಿನಿಂದ ಗೆದ್ದರು. ಎಲ್ಲರೂ ಅವನನ್ನು ಎತ್ತಿ ಕುಣಿಸಿದರು. ಮೇಲೆ ಹಾರಿದಾಗಲೂ ಬೆರಳು ಹುಡುಕಿದ್ದು ಮ್ಯಾನೇಜರ ಮುಖವನ್ನು.

ಬಟ್ಟೆ ಬದಲಿಸುವ ಕೋಣೆಯ ಹೊರಗೆ ಮ್ಯಾನೇಜರ್ ಅವನನ್ನು ಗೋಡೆಯ ಕಡೆಗೆ ಕರೆದರು.

"ನಿಮ್ಮಮ್ಮನ್ನ ಕೇಳ್ದೆ."

"ಏನಂದ್ರು, ಸಾರ್?"

"ನಂಗೆ ಅಕ್ಕನೂ ಇಲ್ಲ, ತಂಗಿನೂ ಇಲ್ಲ. ಇವನು ನನ್ನ ಮಗನ ಜೊತೆ ಇರೋನು, ನಮ್ಮನೆ ಹುಡುಗ, ಒಳಗೆ ಬಿಡಿ ಅಂದ್ರು."

ಅಮ್ಮನಿಗೆ ಎಂದಿನಿಂದ ಗೊತ್ತಿತ್ತು ಎಂದು ಕೇಳುವಷ್ಟು ಧೈರ್ಯವೂ ಆ ಗಳಿಗೆಯಲ್ಲಿ ಅವನಿಗಿರಲಿಲ್ಲ.

ಮ್ಯಾನೇಜರ್ ಪಟ್ಟಿಯನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟರು. "ಇದ್ರಲ್ಲಿ ಭಾವ ಅಂತಿದೆ, ಭಾವ ಅಂತ್ಲೇ ಇರ್ಲಿ. ಸೋಮವಾರ ಸಹಿ ಆಗ್ಲಿ. ಅಲ್ಲೀವರೆಗೂ ಭಾವ, ಆಮೇಲೂ ಭಾವಾನೇ. ತಿಳೀತಾ?"

ಅವರು ಅವನ ಬೆನ್ನು ತಟ್ಟಿ ಹೋದರು. ಕಾಪಾಡಿದರೋ ಬಾಯಿಗೆ ಬೀಗ ಹಾಕಿದರೋ ಅವನಿಗೆ ತಿಳಿಯಲಿಲ್ಲ. ಇನ್ನೊಬ್ಬರಿಗೆ ಗೊತ್ತಾಯಿತು ಎಂಬುದಷ್ಟೇ ತಿಳಿಯಿತು.

ಹೊರಗೆ ಬಂದರೆ ತಂಡದವರು ಕನ್ನಡಕದವನನ್ನು ಸುತ್ತುವರಿದಿದ್ದರು. ಬನ್ನಿ ಭಾವ, ಫೋಟೋಗೆ ನಿಲ್ಲಿ ಭಾವ ಎಂದು ಎಳೆದಾಡುತ್ತಿದ್ದರು. ಬಸ್ಸಿನ ಹಿಂದಿನ ಸೀಟಿನವನ ಹೆಂಡತಿ ಕೇಳಿದಳು, "ಅಕ್ಕ ಬರ್ಲಿಲ್ವಾ?"

ಕನ್ನಡಕದವನು ಬೆರಳಿನ ಕಡೆ ನೋಡಿದ. ಬೆರಳು ಕೊರಳ ಪದಕವನ್ನು ತಿರುಗಿಸುತ್ತಾ ನಿಂತಿದ್ದ. ಒಂದೇ ಒಂದು ಮಾತು ಸಾಕಿತ್ತು. ಏಣಿ ಅಲ್ಲೇ ಇದ್ದ, ಅಮ್ಮ ಅಲ್ಲೇ ಇದ್ದಳು. ಬೆರಳು ನೆಲ ನೋಡಿದ.

"ಅವಳಿಗೆ ಹುಷಾರಿಲ್ಲ" ಎಂದ ಕನ್ನಡಕದವನು. "ಬರ್ಬೇಕು ಅಂತ ತುಂಬಾ ಆಸೆ ಇತ್ತು."

ಮನೆಗೆ ಹೋಗುವಾಗ ಕನ್ನಡಕದವನೇ ಕಾರು ಓಡಿಸಿದ. ಅಮ್ಮ ಹಿಂದೆ ಕೂತು ಕಣ್ಣು ಮುಚ್ಚಿದ್ದಳು. ಮೂರನೇ ಸಿಗ್ನಲ್ಲಿನಲ್ಲಿ ಕಾರು ನಿಂತಿತು.

"ಪೂರ್ತಿ ಕಾಣ್ತಾ?" ಎಂದು ಕೇಳಿದ ಬೆರಳು.

"ಪೂರ್ತಿ ಕಾಣ್ತು. ಚೆನ್ನಾಗಿ ಆಡ್ದೆ." ಗೇರು ಬದಲಿಸಿ ಅವನು ಮುಂದುವರಿಸಿದ. "ಮುಂದಿನ ಸಲ ಕಂಬದ ಹಿಂದೇನೇ ಕೂರ್ತೀನಿ. ಅಲ್ಲಿ ಯಾರೂ ನನ್ ಹೆಂಡ್ತೀನ ಕೇಳಲ್ಲ."

ಮುಂದಿನ ಸಲ ಇರಲಿಲ್ಲ. ಅದು ಮೂವರಿಗೂ ಗೊತ್ತಿತ್ತು.