ಮಾವನವರ ಹಲ್ಲು, ಗುರುವಾರದ ಪ್ರಾರ್ಥನೆ

ನಮ್ಮ ಮಾವನವರಿಗೆ ಲೋಕದಲ್ಲಿ ನಡೆಯುವುದೆಲ್ಲ ಮೊದಲೇ ಗೊತ್ತಿತ್ತು. ಅವರು ಪತ್ರಿಕೆ ತರಿಸುತ್ತಿದ್ದುದು ಬೈಬಲ್ಲಿನಲ್ಲಿರುವುದು ಸರಿಯಾಗಿ ಜರುಗುತ್ತಿದೆಯೋ ಇಲ್ಲವೋ ಎಂದು ತನಿಖೆ ಮಾಡುವುದಕ್ಕೆ. ಸೂಯೆಜ್ ಕಾಲುವೆಯ ಗಲಾಟೆಯಾದಾಗ ಲೋಕ ಮುಗಿಯುವ ಕಾಲಕ್ಕೆ ಏಳುತ್ತದೆಂದು ಬೈಬಲ್ಲಿನ ಕೊನೆಯ ಪುಸ್ತಕ ಪ್ರಕಟನೆ ಹೇಳುವ ಹತ್ತು ಕೊಂಬಿನ ಮೃಗ ಈಜಿಪ್ಟಿನಲ್ಲಿತ್ತು. ರಷ್ಯಾದವರು ನಾಯಿಯನ್ನು ಆಕಾಶಕ್ಕೆ ಕಳಿಸಿದ ವರ್ಷ ಅದು ರಷ್ಯಾಕ್ಕೆ ಮನೆ ಬದಲಾಯಿಸಿತು. ಮಾವನವರಂಥ ನಿವೃತ್ತ ಹೆಡ್‌ಮಾಸ್ಟರು ಹೇಳಿದ ಮೇಲೆ ಮೃಗವಾದರೂ ಏನು ಮಾಡೀತು?

ಲಷ್ಕರ್ ಮೊಹಲ್ಲಾದ ನಮ್ಮ ನಡುಮನೆಯಲ್ಲಿ ಪ್ರತಿ ಗುರುವಾರ ಸಂಜೆ ನಮ್ಮ ಚರ್ಚಿನ ಸಭೆಯ ಹತ್ತು ಹನ್ನೆರಡು ಜನ ಪ್ರಾರ್ಥನೆಗೆ ಸೇರುತ್ತಿದ್ದರು. ಯಾರಿಗಾಗಿ, ಯಾವುದಕ್ಕಾಗಿ ಬೇಡಿಕೊಳ್ಳಬೇಕೆಂದು ಬರೆದಿಡಲು ಒಂದು ನೋಟ್‌ಬುಕ್ಕಿತ್ತು. ಬರೆಯುವವಳು ಸೊಸೆಯಾದ ನಾನು, ಮಿಡ್ಲ್‌ಸ್ಕೂಲಿನ ಟೀಚರು, ಅಕ್ಷರ ದುಂಡಗೆ ಎಂಬ ಕಾರಣಕ್ಕೆ. ವರ್ಷದ ಕೊನೆಯ ಗುರುವಾರ ಮಾವನವರು ಒಂದೊಂದೇ ಸಾಲು ಓದಿಸಿ, ದೇವರು ಉತ್ತರ ಕೊಟ್ಟದ್ದಕ್ಕೆಲ್ಲ ರೈಟ್ ಹಾಕಿಸುತ್ತಿದ್ದರು. ಯಾರದೋ ಬಾಣಂತನ, ರೈಟ್. ಯಾರದೋ ಟೈಫಾಯ್ಡ್, ರೈಟ್. ಸೂಯೆಜ್ ಕಾಲುವೆಗೂ ರೈಟ್ ಬಿದ್ದಿತ್ತು. ದೇವರು ನಮ್ಮ ಮನೆಯಲ್ಲಿ ಒಮ್ಮೆಯೂ ಫೇಲಾದದ್ದಿಲ್ಲ.

ಅರವತ್ತೆರಡನೇ ಇಸವಿಯಲ್ಲಿ ಮಾವನವರ ಉಳಿದ ಹಲ್ಲುಗಳೂ ಹೋದವು. ಕ್ರಿಸ್‌ಮಸ್ ಆರಾಧನೆಯಲ್ಲಿ ಬೈಬಲ್ಲಿನ ಪಾಠ ಓದುವವರು ಅವರೇ. ಬೊಚ್ಚುಬಾಯಲ್ಲಿ ಓದುವುದು ಹೇಗೆ? ಎರಡು ಬೀದಿ ಆಚೆ ಹಲ್ಲಿನ ಸೆಟ್ಟು ಕಟ್ಟುವ ಚೀನಾದವರೊಬ್ಬರ ಅಂಗಡಿಯಿತ್ತು. ಚೀನಾದವರು ಎಂದರೆ ಮುಖ ಮಾತ್ರ. ಹುಟ್ಟಿದ್ದು ಕಲ್ಕತ್ತೆಯಲ್ಲಿ, ಮೈಸೂರಿಗೆ ಬಂದು ಇಪ್ಪತ್ತು ವರ್ಷವಾಗಿತ್ತು, ಮಾತು ನಮಗಿಂತ ಅಚ್ಚ ಮೈಸೂರಿನದು. ಮಾವನವರು ಹೋಗಿ ಅಳತೆ ಕೊಟ್ಟು ಬಂದರು. ಅದೇ ತಿಂಗಳು ಗಡಿಯಲ್ಲಿ ಚೀನಾದ ಜೊತೆ ಯುದ್ಧ ಶುರುವಾಯಿತು. ಮೃಗ ಗಂಟುಮೂಟೆ ಕಟ್ಟಿಕೊಂಡು ಚೀನಾಕ್ಕೆ ಹೊರಟಿತು. ಮಾವನವರು ಆ ಬೀದಿಗೆ ಕಾಲಿಡುವುದನ್ನೇ ಬಿಟ್ಟರು. ದೇಶಕ್ಕಾಗಿ ಎರಡು ತಿಂಗಳು ರಾಗಿ ಗಂಜಿ ಕುಡಿದ ತ್ಯಾಗಿಯೆಂದರೆ ನಮ್ಮ ಮೊಹಲ್ಲಾದಲ್ಲಿ ಅವರೊಬ್ಬರೇ.

ಡಿಸೆಂಬರಿನ ಒಂದು ಗುರುವಾರ, ಶತ್ರುವನ್ನು ಪ್ರೀತಿಸಬೇಕೆಂಬ ಉಪದೇಶದ ಭಾಗ ಓದಿಗೆ ಬಂತು. ಎಲ್ಲರಿಗೂ ಕೊಂಚ ಇರಿಸುಮುರಿಸಾಯಿತು. ಮಾವನವರು ಸಲೀಸಾಗಿ ಬಿಡಿಸಿದರು.

"ಅದು ನಲ್ಲಿ ಜಗಳಕ್ಕೆ, ಕಾಂಪೌಂಡ್ ಗೋಡೆ ಜಗಳಕ್ಕೆ ಹೇಳಿರೋ ಮಾತು ಕಣ್ರಪ್ಪ. ಸರ್ಕಾರ ಶತ್ರು ಅಂದೋರ ವಿಷಯಾನೇ ಬೇರೆ."

ಸಭೆ ಹಗುರಾಗಿ ಆಮೆನ್ ಎಂದಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ನೋಟ್‌ಬುಕ್ಕು, ಪೆನ್ನು ಹಿಡಿದುಕೊಂಡೇ ಹೋಗಿ ತೆರೆದೆ. ಹಲ್ಲಿನ ಅಂಗಡಿಯವರು ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ನಿಂತಿದ್ದರು.

"ಯಜಮಾನ್ರ ಹಲ್ಲು ರೆಡಿಯಾಗಿ ಬಹಳ ದಿನ ಆಯ್ತು ಕಣಮ್ಮ. ಕ್ರಿಸ್‌ಮಸ್ ಹತ್ರ ಬಂತಲ್ಲ ಅಂತ ನಾನೇ ತಂದ್ಬುಟ್ಟೆ" ಎಂದು ಕಾಗದದ ಪೊಟ್ಟಣ ಕೊಟ್ಟರು. ಆಮೇಲೆ ಜೇಬಿನಿಂದ ಒಂದು ಅರ್ಜಿ ತೆಗೆದರು. "ನಾನೂ ನನ್ನ ಹೆಂಡತೀನೂ ಇಲ್ಲೇ ಇರ್ಬೇಕಂದ್ರೆ ಊರಿನ ಇಬ್ಬರು ಮರ್ಯಾದಸ್ಥರು ಸಹಿ ಹಾಕ್ಬೇಕಂತೆ. ಇಲ್ಲ ಅಂದ್ರೆ ಚೀನಾದೋರು ಅಂತ ಪೊಲೀಸ್ನೋರು ಹಿಡ್ಕೊಂಡು ಹೋಗ್ತಾರಂತೆ. ಬೇಕರಿ ಸಾಹೇಬ್ರು ಹಾಕ್ಕೊಟ್ರು. ಇನ್ನೊಂದು ಬೇಕು."

ಎರಡನ್ನೂ ಒಳಗೆ ಒಯ್ದೆ. ಮಾವನವರು ಹಲ್ಲನ್ನು ಇಟ್ಟುಕೊಂಡು ಅರ್ಜಿಯನ್ನು ವಾಪಸು ಕೊಟ್ಟರು.

"ಅವರಿಗಾಗಿ ಪ್ರಾರ್ಥನೆ ಮಾಡ್ತೀವಿ ಅಂತ ಹೇಳಮ್ಮ."

ಹೇಳಿದೆ. ಅಂಗಡಿಯವರು ನನ್ನ ಕೈಯಲ್ಲಿದ್ದ ಪೆನ್ನನ್ನು ನೋಡಿದರು. "ನೀವೂ ಟೀಚರಮ್ಮ ಅಲ್ವಾ? ನಿಮ್ಮ ಸಹಿನೂ ನಡೆಯುತ್ತೆ."

ಹಿರಿಯರಿಗೆ ವಿಧೇಯಳಾಗಿರಬೇಕೆಂಬ ಉಪದೇಶ ಆಗ ನನಗೆ ತಟ್ಟನೆ ನೆನಪಾಯಿತು. ಅದೇ ಮಾವನವರ ಮಾತು ಮೀರಿ ಕೆಲಸಕ್ಕೆ ಸೇರಿದ್ದಾಗ ಅದು ಎಲ್ಲಿ ಅಡಗಿತ್ತೋ! ವಚನವನ್ನು ಬೇಕಾದ ಕಡೆ ತಿರುಗಿಸುವ ವಿದ್ಯೆಯನ್ನು ಮಾವನವರಿಂದ ನಾನು ಚೆನ್ನಾಗಿಯೇ ಕಲಿತಿದ್ದೆ. "ಮನೇಲಿ ಒಪ್ಪಲ್ಲ" ಎಂದೆ. ಭಯವಾಗಿತ್ತು, ಅಷ್ಟೇ, ಕೆಲಸ ಹೋದರೆ ಎಂಬ ಭಯ.

"ಇರ್ಲಿ ಬುಡಿ" ಎಂದರು. ಚಪ್ಪಲಿ ಮೆಟ್ಟಿಕೊಂಡವರು ಮತ್ತೆ ತಿರುಗಿ, "ಮೊದಲೆರಡು ದಿನ ಮೆತ್ತಗಿರೋದು ತಿನ್ನಕ್ಕೆ ಹೇಳಿ. ಒತ್ತಿದ್ರೆ ಅಂಗಡಿಗೆ…" ಎಂದು ಅರ್ಧಕ್ಕೇ ನಿಲ್ಲಿಸಿದರು.

ನಾನು ಒಳಗೆ ಬಂದು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದೆ: ಹಲ್ಲಿನ ಅಂಗಡಿಯವರಿಗಾಗಿ.

ಕ್ರಿಸ್‌ಮಸ್ಸಿಗೆ ಮಾವನವರು ದೇವದೂತರು ಸಾರಿದ ಸಮಾಧಾನದ ಸುದ್ದಿಯನ್ನು ಒಂದಕ್ಷರ ಜಾರದಂತೆ ಓದಿದರು. ಹಲ್ಲು ಎಲ್ಲೂ ಒತ್ತಲಿಲ್ಲ. ಅಂಗಡಿಗೆ ಆಗಲೇ ಬೀಗ ಬಿದ್ದು ನಾಲ್ಕು ದಿನವಾಗಿತ್ತು. ಗಂಡಹೆಂಡಿರನ್ನು ಎಲ್ಲಿಗೆ ಕರೆದೊಯ್ದರೆಂದು ಬೇಕರಿ ಸಾಹೇಬರಿಗೂ ಗೊತ್ತಾಗಲಿಲ್ಲ.

ವರ್ಷದ ಕೊನೆಯ ಗುರುವಾರ ನೋಟ್‌ಬುಕ್ಕು ಓದಿದೆ. ಹಲ್ಲಿನ ಅಂಗಡಿಯವರ ಸಾಲೂ ಬಂತು. ಮಾವನವರು ಕ್ಷಣ ಯೋಚಿಸಿದರು.

"ಅವರ ವಿಷಯ ಒಂದು ತೀರ್ಮಾನ ಆಯ್ತಲ್ಲ. ರೈಟ್ ಹಾಕಮ್ಮ."

ಅದೇ ಪೆನ್ನಿನಿಂದ ಹಾಕಿದೆ.