ನಿಖತ ಈಗ ‘ಪಾಸ್’ ಅನ್ನುವುದಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಒಂದೆರಡು ಮಗ್ಗಗಳು ಆಗಲೇ ಸದ್ದು ಶುರುವಿಟ್ಟುಕೊಂಡಿವೆ. ಕಣ್ಣು ತಪಾಸಣೆಯ ಚಾರ್ಟನ್ನು ಸುರುಳಿ ಸುತ್ತಿ ಬಗಲಲ್ಲಿ ಇಟ್ಟುಕೊಂಡ ನಿಖತ ಬಾಗಿಲು ಎಳೆದುಕೊಂಡು ಹೊರಬೀಳುತ್ತಾರೆ. ಶಿಬಿರ ಇವತ್ತು ಇದೇ ಓಣಿಯ ಸಮುದಾಯ ಭವನದಲ್ಲಿ. ನೆಟ್ಟಗೆ ನಡೆದರೆ ಕೂಗಳತೆ ದೂರ. ಆದರೆ ನಿಖತ ಹಿಂದಿನ ಸಂದಿಗೆ ಇಳಿದು, ಬಣ್ಣದ ನೀರು ಹರಿಯುವ ಗಟಾರ ದಾಟಿ, ಸುತ್ತು ಹಾಕಿಕೊಂಡು ಭವನ ಸೇರುತ್ತಾರೆ. ಬಸ್ಸಿಗೆ ಹೋಗುವ ದಿನವೂ ಇದೇ ದಾರಿ. ಎರಡು ವರ್ಷದಿಂದ ಹೀಗೇ ನಡೆದಿದೆ.

ಯಾಕೆ ಎಂದು ಕೇಳಿದರೆ ಮುಖ ತಗ್ಗಿಸುತ್ತಾರೆ. “ಮುಂದಿನ ದಾರ್ಯಾಗ ಗುರುಲಿಂಗವ್ವ ದೊಡ್ಡವ್ವನ ಮನಿ ಐತ್ರಿ. ಆಕಿ ಕಿಡಕ್ಯಾಗ ಕುಂತಿರ್ತಾಳ.”

ಭವನದಲ್ಲಿ ಮೊದಲ ಕೆಲಸ ಗೋಡೆ ಹುಡುಕುವುದು. ಬೆಳಕು ಎದುರಿನಿಂದ ಬೀಳಬೇಕು, ಚಾರ್ಟಿನ ಮೇಲೆ ನೆರಳು ಕೂರಬಾರದು. ಮೊಳೆಗೆ ಚಾರ್ಟ್ ತೂಗುಹಾಕಿ, ಚೀಲದಿಂದ ಗಂಟು ಹಾಕಿದ ಹಗ್ಗ ತೆಗೆದು ನೆಲದ ಮೇಲೆ ಇಪ್ಪತ್ತು ಅಡಿ ಅಳೆದು, ಅಲ್ಲಿ ಒಂದು ಕುರ್ಚಿ ಇಡುತ್ತಾರೆ. ಆ ಕುರ್ಚಿಯಲ್ಲಿ ಕೂತವರು ಒಂದು ಕಣ್ಣು ಮುಚ್ಚಿ, ಎದುರಿನ ಗುರುತು ಎಷ್ಟು ಸಣ್ಣದಾಗುವವರೆಗೆ ಕಾಣುತ್ತದೆ ಎಂದು ಹೇಳಬೇಕು. ಕಾಣದಿದ್ದವರು ಮುಂದೆ ಡಾಕ್ಟರ ಕಡೆ ಹೋಗುತ್ತಾರೆ, ಕಂಡವರು ಮನೆಗೆ. ಯಾರು ಯಾವ ಕಡೆ ಎಂದು ಮೊದಲು ಬೇರ್ಪಡಿಸುವವರು ನಿಖತ. ಹೊರಗಿನ ಬ್ಯಾನರಿನಲ್ಲಿ ದಾನಿಗಳ ಹೆಸರಿದೆ, ಡಾಕ್ಟರ ಹೆಸರಿದೆ, ಶಾಮಿಯಾನದವನ ಫೋನ್ ನಂಬರೂ ಇದೆ. ನಿಖತ ಎಂಬ ಹೆಸರು ಮಾತ್ರ ಎಲ್ಲೂ ಇಲ್ಲ.

ನಿಖತ ಇದೇ ಓಣಿಯ ಮಗಳು. ಅಪ್ಪ ಬಂದೇನವಾಜ ನೂಲಿಗೆ ಬಣ್ಣ ಹಾಕುತ್ತಿದ್ದರು. ಪಿಯುಸಿ ಮುಗಿಸಿ ಬಾಗಲಕೋಟೆಯಲ್ಲಿ ಕಣ್ಣು ತಪಾಸಣೆಯ ತರಬೇತಿ ಪಡೆದು ಬಂದಾಗ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತು. ಊರೂರು ತಿರುಗಿ ಕಂಡವರ ಗದ್ದ ಹಿಡಿದು ಕಣ್ಣು ನೋಡುವುದು ಹೆಣ್ಣುಮಕ್ಕಳ ಕೆಲಸವೇ ಎಂದು ನೆಂಟರು ಮೂಗು ಮುರಿದರು. ತಾಯಿ ಸುಗರಾ ಒಬ್ಬರೇ ಮಗಳ ಬೆನ್ನಿಗೆ ನಿಂತರು. ಈಗ ಹುನಗುಂದ, ಅಮೀನಗಡ, ಬಾದಾಮಿ ಎಂದು ವಾರವಿಡೀ ಓಡಾಟ. ಒಂದು ಶಿಬಿರಕ್ಕೆ ನೂರರ ಹತ್ತಿರ ಜನ. ನಿಂತು ನಿಂತು ಹಿಮ್ಮಡಿ ಹಿಡಿದುಕೊಂಡಿದೆ, ಬೇಸಿಗೆಯಲ್ಲಿ ಶಾಲೆಯ ತಗಡಿನ ಸೂರಿನಡಿ ತಲೆ ಸಿಡಿಯುತ್ತದೆ. ಇದನ್ನೆಲ್ಲ ನಿಖತ ನಗುನಗುತ್ತಲೇ ಹೇಳುತ್ತಾರೆ. ನಗು ನಿಲ್ಲುವುದು ಗುರುಲಿಂಗವ್ವನ ಮಾತು ಬಂದಾಗ.

ಮೊದಲು ನಿಖತ ಅವರ ಬಳಿ ಎರಡು ಚಾರ್ಟುಗಳಿದ್ದವು. ಒಂದು ಕನ್ನಡ ಅಕ್ಷರಗಳದ್ದು. ಇನ್ನೊಂದು ಅಕ್ಷರ ಬಾರದವರಿಗಾಗಿ ಇದ್ದದ್ದು, ಅದರಲ್ಲಿ ಮೂರು ಕಾಲಿನ ಒಂದೇ ಗುರುತು. ಆ ಕಾಲುಗಳು ಮೇಲೋ ಕೆಳಗೋ ಎಡಕ್ಕೋ ಬಲಕ್ಕೋ ಚಾಚಿರುತ್ತವೆ, ಯಾವ ಕಡೆ ಎಂದು ಕೈ ತೋರಿಸಿದರೆ ಸಾಕು. ಕುರ್ಚಿಯಲ್ಲಿ ಕೂತವರನ್ನು ನಿಖತ ಮೊದಲೇ ಕೇಳುತ್ತಿದ್ದರು: “ಓದಾಕ ಬರ್ತೈತೇನ್ರಿ?” ಕಾಯುವವರ ಸಾಲು ಪಕ್ಕದಲ್ಲೇ ನಿಂತಿರುತ್ತಿತ್ತು. ಯಾರಾದರೂ ಕೊನೆಯ ಸಾಲಿನವರೆಗೆ ಓದಿಬಿಟ್ಟರೆ “ಶಾಬಾಶ್, ಪಾಸ್!” ಎಂದು ಕೂಗುತ್ತಿದ್ದರು. ಜನ ಚಪ್ಪಾಳೆ ತಟ್ಟಿ ನಗುತ್ತಿದ್ದರು. ಕಾದು ಬೇಸತ್ತವರಿಗೆ ಅದೊಂದು ಮೋಜು.

“ನಾನ ಹಚ್ಚಿದ ಚಟ ಅದು,” ಎನ್ನುತ್ತಾರೆ ನಿಖತ. “ಕಣ್ಣು ನೋಡೂದನ್ನ ಪರೀಕ್ಷಾ ಮಾಡಿಟ್ನಿ.”

ಎರಡೂವರೆ ವರ್ಷದ ಹಿಂದೆ ಆ ಕುರ್ಚಿಯಲ್ಲಿ ಗುರುಲಿಂಗವ್ವ ಬಂದು ಕೂತರು. ಸೀರೆಯ ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುವುದರಲ್ಲಿ ಓಣಿಗೇ ಹೆಸರಾದ ಕೈ. ಸಕ್ಕರೆ ಕಾಯಿಲೆ ಇತ್ತು. ಸೋಮವಾರ ಹೆಂಗಸರೆಲ್ಲ ವಚನ ಹೇಳಲು ಸೇರಿದಾಗ ಪುಸ್ತಕ ಬಿಚ್ಚಿ ಕೂರುವವರೂ ಇವರೇ. ಅಂಥವರಿಗೆ ಓದು ಬರುತ್ತದೆಯೇ ಎಂದು ಕೇಳಿದರೆ ಏನನ್ನುತ್ತಾರೆ? “ಬರ್ತೈತೆವ್ವಾ” ಎಂದರು. ಒಂದು ಕಣ್ಣು ಮುಚ್ಚಿ ಗಡಗಡನೆ ಕೊನೆಯ ಸಾಲಿನವರೆಗೆ ಹೇಳಿದರು. ಇನ್ನೊಂದು ಕಣ್ಣು ಮುಚ್ಚಿ ಮತ್ತೆ ಹಾಗೆಯೇ ಹೇಳಿದರು. ನಿಖತ ಎಲ್ಲರಿಗಿಂತ ಜೋರಾಗಿ ಕೂಗಿದರು: “ದೊಡ್ಡವ್ವ ಪಾಸ್!”

ಗುರುಲಿಂಗವ್ವನಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ವಚನಗಳೆಲ್ಲ ಬಾಯಿಪಾಠ, ಪುಸ್ತಕ ಬರೀ ಕೈಯಲ್ಲಿರುತ್ತಿತ್ತು. ಕೇಳಿದ್ದನ್ನು ಹಿಡಿದಿಡುವ ಅದೇ ನೆನಪಿನಿಂದ, ಸಾಲಿನಲ್ಲಿ ಮುಂದಿದ್ದವರು ಓದಿದ ಅಕ್ಷರಗಳನ್ನು ಕುರ್ಚಿಗೆ ಬರುವಷ್ಟರಲ್ಲಿ ಕಲಿತುಬಿಟ್ಟಿದ್ದರು. ಬಲಗಣ್ಣಿನ ಹಿಂದಿನ ಪರದೆ ಆಗಲೇ ಕೆಡುತ್ತಿತ್ತು. ಕೆಲವು ತಿಂಗಳಿಗೆ ಕೊಂಡಿ ತಪ್ಪತೊಡಗಿ ಬಾಗಲಕೋಟೆಗೆ ಕರೆದೊಯ್ದಾಗ, ಮೊದಲೇ ಬಂದಿದ್ದರೆ ಆ ಕಣ್ಣು ಉಳಿಸಬಹುದಿತ್ತು ಎಂದರು ಡಾಕ್ಟರು. ಅಕ್ಷರದ ಗುಟ್ಟು ಸೊಸೆ ನಾಗರತ್ನಾಳಿಗೂ ಗೊತ್ತಾದದ್ದು ಅಲ್ಲೇ. ಅವಳು ನೇರ ನಿಖತ ಅವರ ಬಾಗಿಲಿಗೆ ಬಂದು ನಿಂತಳು.

“ಆಕಿ ಬೈಲಿಲ್ರಿ,” ನಿಖತ ಧ್ವನಿ ಇಳಿಸುತ್ತಾರೆ. “‘ನೀವು ಪಾಸ್ ಅಂದಿದ್ರಲ್ರೀ ಅಕ್ಕಾರ’ ಅಂತ ಇಷ್ಟ ಅಂದ್ಲು. ಬೈದಿದ್ರ ಚೊಲೋ ಇತ್ತು. ಅವತ್ತಿಂದ ಆ ಮನಿ ಮುಂದ ಹಾಯಾಕ ನನಗ ನಾಚಿಕಿ.”

ಅಕ್ಷರದ ಚಾರ್ಟನ್ನು ನಿಖತ ಅಂದೇ ಕಟ್ಟಿಟ್ಟರು. ಈಗ ಎಲ್ಲರಿಗೂ ಮೂರು ಕಾಲಿನ ಗುರುತೇ. ಓದು ಬರುತ್ತದೆಯೇ ಎಂದು ಯಾರನ್ನೂ ಕೇಳುವುದಿಲ್ಲ. ಸಾಲು ಬಾಗಿಲ ಹೊರಗೆ, ಒಳಗೆ ಒಬ್ಬೊಬ್ಬರೇ, ನಡುವೆ ಒಂದು ಪರದೆ. ಚಪ್ಪಾಳೆ ಇಲ್ಲ. ಇವತ್ತು ನಿವೃತ್ತ ಮಾಸ್ತರ ಅಮಾತೆಪ್ಪ ಕುರ್ಚಿಯಲ್ಲಿ ಕೂತವರೇ ಸಿಡಿಮಿಡಿಗೊಂಡರು. “ಜೀವನಪೂರ್ತಿ ಅಕ್ಷರ ಕಲಿಸೀನಿ. ನನಗ ಸಣ್ಣ ಹುಡುಗರಂಗ ಕೈ ತೋರ್ಸು ಅಂತೀಯಲ್ಲವ್ವಾ?”

“ಎಲ್ಲಾರಿಗೂ ಇದ ಐತ್ರಿ ಸರ್. ತೋರಿಸ್ರಿ,” ಎಂದರು ನಿಖತ. ಮಾಸ್ತರು ಗೊಣಗುತ್ತಲೇ ಕೈ ಎತ್ತಿದರು.

ಮಧ್ಯಾಹ್ನ ಇಳಿಯುತ್ತಿದೆ. ನಿಖತ ಪರದೆ ಸರಿಸಿದಾಗಲೆಲ್ಲ ಸಾಲಿನ ಕೊನೆಯವರೆಗೂ ಕಣ್ಣಾಡಿಸುತ್ತಾರೆ. ಸಕ್ಕರೆ ಕಾಯಿಲೆ ಎಡಗಣ್ಣನ್ನೂ ಬಿಡುವುದಿಲ್ಲ ಎಂದು ಅವರಿಗೆ ಗೊತ್ತು. ತೋರಿಸಿಕೊಳ್ಳಲು ಗುರುಲಿಂಗವ್ವ ಆಮೇಲೆ ಯಾವ ದವಾಖಾನೆಗೂ ಹೋಗಲಿಲ್ಲ ಎಂಬುದೂ ಗೊತ್ತು. ಬಾಗಿಲಿಗೆ ಹೋಗಿ ಕರೆಯಲು ಮುಖವಿಲ್ಲ. ಎಲ್ಲರೂ ಮುಗಿದು ಹಗ್ಗ ಸುತ್ತತೊಡಗಿದಾಗ ನಾಗರತ್ನಾಳ ಕೈ ಹಿಡಿದು ಗುರುಲಿಂಗವ್ವ ಒಳಗೆ ಬರುತ್ತಾರೆ. ನಿಖತ ಹಗ್ಗ ಬದಿಗಿಟ್ಟು ಕುರ್ಚಿಯನ್ನು ಮತ್ತೆ ಅದರ ಜಾಗಕ್ಕೆ ಎಳೆಯುತ್ತಾರೆ.

“ಕುಂಡ್ರು ದೊಡ್ಡವ್ವಾ,” ಎನ್ನುತ್ತಾರೆ.

ಬಲಗಣ್ಣು ಮುಚ್ಚಿದ್ದಾಯಿತು. ನಿಖತ ದೊಡ್ಡ ಗುರುತಿನಿಂದ ಶುರುಮಾಡುತ್ತಾರೆ. ಗುರುಲಿಂಗವ್ವನ ಕೈ ಮೇಲೆ ಹೋಗುತ್ತದೆ, ಬಲಕ್ಕೆ, ಕೆಳಗೆ. ಇನ್ನೊಂದು ಸಾಲು. ಮತ್ತೊಂದು. ನಡುವಿನ ಸಾಲಿಗೆ ಬಂದಾಗ ಕೈ ಗಾಳಿಯಲ್ಲಿ ನಿಂತುಬಿಡುತ್ತದೆ. ನಾಲ್ಕೇ ದಿಕ್ಕು. ಅಂದಾಜಿಗೆ ಒಂದು ಕಡೆ ತೋರಿಸಿಬಿಡುವುದು ಸುಲಭ.

ಕೈ ಮಡಿಲಿಗೆ ಇಳಿಯುತ್ತದೆ. “ಇದು ಕಾಣವಲ್ದೆವ್ವಾ.”

“ಅದರ ತಳಗಿಂದು?”

“ಅದೂ ಇಲ್ಲ. ಇನ್ನ ಯಾಕ ಸುಳ್ಳು ಹೇಳ್ಲಿ?”

ನಿಖತ ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಡುತ್ತಾರೆ. ಕಣ್ಣು ತುಂಬಿಕೊಂಡಿದೆ, ಮುಚ್ಚಿಡುವ ಗೋಜಿಗೆ ಹೋಗುವುದಿಲ್ಲ. “ನಾಳಿ ಬಾಗಲಕೋಟಿಗೆ ಹೋಗೂಣು. ಉಳೀತೈತಿ ಅಂತ ನಾ ಹೇಳಂಗಿಲ್ಲ, ಅದು ಡಾಕ್ಟರ ಮಾತು. ಆದ್ರ ಇನ್ನೂ ಇಷ್ಟು ಸಾಲು ಕಾಣ್ತಾವಲ್ಲ, ತಡಾ ಮಾಡೂದು ಬ್ಯಾಡ. ದೊಡ್ಡವ್ವಾ, ಅವತ್ತು ನಾ ಪಾಸ್ ಅನಬಾರದಿತ್ತು.”

“ನಾ ಬಂದಿದ್ದ ಪಾಸ್ ಆಗಾಕ,” ಎನ್ನುತ್ತಾರೆ ಗುರುಲಿಂಗವ್ವ. “ಓಣಿ ಮುಂದ ಮಾನ ಉಳೀತಲ್ಲ ಅಂತ ಖುಷಿ ಆಗಿದ್ನಿ. ಆಮ್ಯಾಲ ನಿನಗ ಮಾರಿ ತೋರ್ಸಾಕ ನನಗ ನಾಚಿಕಿ ಆತು. ನೀನೂ ನನ್ನ ಕಿಡಕಿ ಮುಂದ ಹಾಯೂದು ಬಿಟ್ಟಿ. ಕಣ್ಣು ಮಂದಾದ್ರೇನು, ನಿನ್ನ ಚಪ್ಪಲಿ ಸಪ್ಪಳ ಇಲ್ಲದ್ದು ನನಗ ಗೊತ್ತಾಗ್ತೈತಿ.”

ಅವರು ಹೋದ ಮೇಲೆ ನಿಖತ ಚಾರ್ಟನ್ನು ಸುರುಳಿ ಸುತ್ತುತ್ತಾರೆ. ಇಷ್ಟು ವರ್ಷ ದುಡಿದವರಿಗೆ ಏನಾದರೂ ಆಸೆ ಇದ್ದೀತಲ್ಲ, ಏನದು ಎಂದು ಕೇಳಿದರೆ ಹಗ್ಗವನ್ನು ಚೀಲಕ್ಕೆ ಸೇರಿಸುತ್ತಾರೆ.

“ನಾಳಿ ಬಸ್ ಸ್ಟ್ಯಾಂಡಿಗೆ ಮುಂದಿನ ದಾರೀಲಿಂದನ ಹೋಗಬೇಕ್ರಿ. ದೊಡ್ಡವ್ವನ ಕೈ ಹಿಡ್ಕೊಂಡು.”