ಡೊಬ್ರಿಂಕಾಳ ಅಡುಗೆಮನೆಯಲ್ಲಿ ತಪ್ಪಿಹೋದ ಒಂದು ಗಂಟೆ

ಬೆಳಗಿನ ಐದೂವರೆ. ನಮ್ಮ ಕಟ್ಟಡದ ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ ಡೊಬ್ರಿಂಕಾ ಮೂರು ಹಳೇ ಕಂಪ್ಯೂಟರ್‌ಗಳನ್ನು ಒಟ್ಟಿಗೆ ಚಾಲೂ ಮಾಡುತ್ತಾಳೆ. ಅವುಗಳ ಫ್ಯಾನಿನ ಅಬ್ಬರಕ್ಕೆ ಡ್ಯಾನ್ಯೂಬ್ ನದಿಯಾಚೆಯ ರೊಮೇನಿಯಾದ ಕೋಳಿಗಳೂ ಎದ್ದು ಕೂಗುತ್ತವೆ. ಕೆಳಗಿನ ಮನೆಯ ನಾನು ಮಲಗಿರುವುದುಂಟೇ? ಚೀಸ್ ತುಂಬಿ ಸುಟ್ಟ ಬಿಸಿ ಬನಿತ್ಸಾದ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತೇನೆ.

“ಬಾ ಅಜ್ಜಿ. ಬೈಯೋಕೆ ಬಂದ್ಯಾ, ತಿನ್ಸೋಕೆ ಬಂದ್ಯಾ?”

“ಎರಡಕ್ಕೂ. ಇವುಗಳ ಕಾಟಕ್ಕೇ ನಿನ್ ಗಂಡ ಓಡಿಹೋಗಿದ್ದು.”

“ಅವ್ನು ಹೋದ್ಮೇಲೇ ಇವು ಬಂದಿದ್ದು. ಜಾಗ ಖಾಲಿ ಇತ್ತಲ್ಲ!”

ಎಂಟು ಗಂಟೆಯಿಂದ ಡೊಬ್ರಿಂಕಾ ಟ್ರಾಲಿಬಸ್ ಡಿಪೋದ ಕಿಟಕಿಯಲ್ಲಿ ಪಾಸು ಕೊಡುತ್ತಾಳೆ. ಅದಕ್ಕೂ ಮೊದಲಿನ ಎರಡು ಗಂಟೆ ಸಂಬಳವಿಲ್ಲದ ಕೆಲಸ. ಡಿಸ್ಕಿನಲ್ಲಿ ಯಾವ ಕಡತ ಅಳಿಸಿಹೋಗಿದೆ, ಯಾವುದನ್ನು ಎಷ್ಟು ಹೊತ್ತಿಗೆ ತಿದ್ದಿದ್ದಾರೆ ಎಂದು ಪತ್ತೆ ಹಚ್ಚುವ ಸಾಫ್ಟ್‌ವೇರ್ ಒಂದಿದೆ. ನಾನಾ ದೇಶದವರು ಸೇರಿ ಬರೆದು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟದ್ದು. ಆದರೆ ಒಂದು ಜಾತಿಯ ಕಂಪ್ಯೂಟರಿಗೆ ಬರೆದದ್ದು ಇನ್ನೊಂದರಲ್ಲಿ ಓಡುವುದಿಲ್ಲ. ಬೇಕಾದ ಕಡೆ ಬಿಚ್ಚಿ, ಹೊಲಿದು, ಯಾರು ಬೇಕಾದರೂ ಹಾಕಿಕೊಳ್ಳುವ ಹಾಗೆ ಗಂಟು ಕಟ್ಟಿಡುವವಳು ಇವಳು. ಮೇಜಿನ ಮೇಲಿನ ಮೂರರಲ್ಲಿ ಒಂದು ವಿಂಡೋಸ್, ಒಂದು ಲಿನಕ್ಸ್, ಇನ್ನೊಂದರ ಹೆಸರು ನನ್ನ ನಾಲಿಗೆಗೆ ಬರುವುದಿಲ್ಲ.

ಒಂಬತ್ತು ವರ್ಷದ ಹಿಂದೆ ಡಿಪೋದ ಪಾಸಿನ ಪಟ್ಟಿಯೆಲ್ಲ ಅಳಿಸಿಹೋದಾಗ ಇದೇ ಸಾಫ್ಟ್‌ವೇರ್ ಅದನ್ನು ಹುಡುಕಿ ಕೊಟ್ಟಿತು. “ಋಣ ಇಟ್ಕೋಬಾರ್ದಲ್ಲ ಅಜ್ಜಿ” ಎಂದು ಕಲಿಯಲು ಕೂತವಳು ಇನ್ನೂ ಎದ್ದಿಲ್ಲ. ಕಳೆದ ವರ್ಷ ಅವಳ ಗಂಟನ್ನು ಇಳಿಸಿಕೊಂಡವರು ನಲವತ್ತು ಸಾವಿರ. ಥ್ಯಾಂಕ್ಸ್ ಹೇಳಿದವರು ಆರು.

ಅವಳದೊಂದು ಕಟ್ಟುನಿಟ್ಟು. ಪರೀಕ್ಷೆಗೆಂದು ಇಟ್ಟುಕೊಂಡ ಒಂದೇ ಡಿಸ್ಕನ್ನು ಮೂರಕ್ಕೂ ಉಣಿಸುತ್ತಾಳೆ. ಮೂರರ ಉತ್ತರವೂ ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕು. ಇಲ್ಲದಿದ್ದರೆ ಗಂಟು ಹೊರಗೆ ಹೋಗುವುದಿಲ್ಲ.

ಆದರೆ ಇವತ್ತು ಮೂರರ ಮುಂದೆಯೂ ಇರುವುದು ಬೇರೆ ಡಿಸ್ಕು, ಶಾಲೆಯ ಡಿಸ್ಕಿನ ನಕಲು. ಸ್ಟೂಲಿನ ಮೇಲೆ ಕೂತ ನೆವೆನಾ ಟೀಚರ್ ಮುಖ ಸುಣ್ಣವಾಗಿದೆ. ಏಪ್ರಿಲ್‌ನಲ್ಲಿ ಶಾಲೆಯ ಕಂಪ್ಯೂಟರಿನಲ್ಲಿ ಯಾರೋ ಅಂಕ ತಿದ್ದಿದ್ದಾರೆ, ಅದು ಇವಳೇ ಎಂಬ ಆಪಾದನೆ. ಹತ್ತು ಗಂಟೆಗೆ ವಿಚಾರಣೆ. ಆಕೆಯ ಪರವಾಗಿ ಡಿಸ್ಕ್ ನೋಡಿದ ಬೊಂಚೆವ್ ಎಂಬ ಮುದುಕ ತಜ್ಞರೂ ಬಂದಿದ್ದಾರೆ. ಅವರು ಬಳಸಿದ್ದು ಡೊಬ್ರಿಂಕಾ ಕಟ್ಟಿದ ಗಂಟನ್ನೇ. ಅಂಕ ತಿದ್ದಿದ್ದು ಮಧ್ಯಾಹ್ನ ಮೂರು ಹತ್ತಕ್ಕೆ ಎಂದು ಅದು ತೋರಿಸಿದೆ; ಕಟ್ಟಿದವಳೇ ಇನ್ನೊಮ್ಮೆ ನೋಡಲಿ ಎಂದು ಇಬ್ಬರೂ ಬಂದಿದ್ದಾರೆ.

“ಮೂರು ಹತ್ತಕ್ಕೆ ನಾನೊಬ್ಳೇ ಸ್ಟಾಫ್ ರೂಮಲ್ಲಿದ್ದೆ,” ಎನ್ನುತ್ತಾಳೆ ನೆವೆನಾ. “ಆದ್ರೆ ನಾನು ಮುಟ್ಟಿಲ್ಲ, ಡೊಬ್ರಿಂಕಾ. ನನ್ ಮಕ್ಳಾಣೆ.”

“ಆಣೆ ಬೇಡಕ್ಕ. ಡಿಸ್ಕು ಹೇಳ್ಲಿ.”

ವಿಂಡೋಸ್ ನಾಲ್ಕು ಹತ್ತು ಎನ್ನುತ್ತದೆ. ಲಿನಕ್ಸೂ ನಾಲ್ಕು ಹತ್ತು. ಮೂರನೆಯದು, ಬೊಂಚೆವ್ ಅವರ ಜಾತಿಯದು, ಮೂರು ಹತ್ತೇ. ನೆವೆನಾ ಎದ್ದು ನಿಂತ ರಭಸಕ್ಕೆ ಸ್ಟೂಲು ಬಲ್ಗೇರಿಯಾ ಗಡಿ ದಾಟಬೇಕಿತ್ತು.

“ನಾಲ್ಕು ಹತ್ತಕ್ಕೆ ನಾನು ಹಲ್ಲಿನ ಡಾಕ್ಟ್ರ ಮುಂದೆ ಬಾಯಿ ತೆರ್ಕೊಂಡು ಕೂತಿದ್ದೆ! ಎರಡು ಒಂದೇ ಹೇಳ್ತಿವೆಯಲ್ಲ, ಸಾಕಲ್ವಾ?”

“ಇದೇನು ಚುನಾವಣೆನಾ, ಜಾಸ್ತಿ ಓಟು ಬಿದ್ದೋರು ಗೆಲ್ಲೋಕೆ? ಯಾಕೆ ತಪ್ಪು ಅಂತ ಹೇಳ್ದಿದ್ರೆ ಅವ್ರು ಒಪ್ತಾರಾ?” ಡೊಬ್ರಿಂಕಾ ತಲೆ ಎತ್ತುವುದಿಲ್ಲ. ಬೆರಳುಗಳು ಮಾತ್ರ ಕೀಲಿಗಳ ಮೇಲೆ ಆಲಿಕಲ್ಲಿನಂತೆ ಸುರಿಯುತ್ತವೆ. ಬನಿತ್ಸಾ ತಣ್ಣಗಾಗುತ್ತದೆ. ಬೊಂಚೆವ್ ಉಗುರು ಕಚ್ಚುತ್ತಾರೆ.

ಏಳಕ್ಕೆ ಹತ್ತು ನಿಮಿಷವಿರುವಾಗ ಅವಳ ಕೈ ನಿಲ್ಲುತ್ತದೆ.

“ಅಯ್ಯೋ ನನ್ ಬುದ್ಧಿಗಿಷ್ಟು!”

ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುವ ನಮ್ಮ ಪದ್ಧತಿಯ ಲೆಕ್ಕವನ್ನು ಮೂರನೆಯ ಗಂಟಿನಲ್ಲಿ ಇಡಲು ಅವಳೇ ಮರೆತಿದ್ದಾಳೆ. ಪರೀಕ್ಷೆಯ ಡಿಸ್ಕನ್ನು ಅವಳು ಮಾಡಿದ್ದು ಹೊಸ ವರ್ಷದ ರಜೆಯಲ್ಲಿ. ಅದರಲ್ಲಿರುವ ಕಡತಗಳೆಲ್ಲ ಚಳಿಗಾಲದವು, ಹಾಗಾಗಿ ಮೂರೂ ಯಾವಾಗಲೂ ತಾಳೆಯಾಗುತ್ತಿದ್ದವು. ಬೇಸಿಗೆಯ ಕಡತ ಬಂದರೆ ಮಾತ್ರ ಒಂದು ಗಂಟೆ ಮಾಯ.

ತಿದ್ದುತ್ತಾಳೆ. ಮತ್ತೆ ಓಡಿಸುತ್ತಾಳೆ. ನಾಲ್ಕು ಹತ್ತು, ನಾಲ್ಕು ಹತ್ತು, ನಾಲ್ಕು ಹತ್ತು! ನೆವೆನಾ ಅಳುತ್ತಾಳೆ, ಬೊಂಚೆವ್ ನನ್ನನ್ನೇ ತಬ್ಬಿಕೊಳ್ಳುತ್ತಾರೆ. ಹನ್ನೆರಡು ವರ್ಷದ ನಂತರ ಗಂಡಸೊಬ್ಬನ ಅಪ್ಪುಗೆ, ಬಿಡಿಸಿಕೊಳ್ಳಲು ನಾನೇನೂ ಅವಸರ ಮಾಡುವುದಿಲ್ಲ.

ಡೊಬ್ರಿಂಕಾ ಮಾತ್ರ ಇನ್ನೂ ಬರೆಯುತ್ತಿದ್ದಾಳೆ. ಬಳಸುವವರಿಗೆಲ್ಲ ಹೋಗುವ ಕಾಗದ: ತಪ್ಪು ನನ್ನದು, ಮೂರು ವರ್ಷದಿಂದ ಇದೆ, ಬೇಸಿಗೆಯ ಸಮಯ ನಂಬಿ ವರದಿ ಕೊಟ್ಟವರು ದಯವಿಟ್ಟು ಮತ್ತೆ ನೋಡಿ.

“ಸದ್ದಿಲ್ದೆ ಸರಿ ಮಾಡ್ಬಿಡೇ, ಹುಚ್ಚಿ. ಯಾರಿಗ್ ಗೊತ್ತಾಗುತ್ತೆ?”

“ಮುಚ್ಚಿಟ್ಟಿದ್ದನ್ನ ಹುಡ್ಕೋ ಸಾಮಾನು ಕಟ್ಟೋಳು ನಾನು. ನಾನೇ ಮುಚ್ಚಿಡ್ಲಾ ಅಜ್ಜಿ?”

ಗುಂಡಿ ಒತ್ತಿ ಡಿಪೋಗೆ ಓಡುತ್ತಾಳೆ.

ಹನ್ನೊಂದೂವರೆಗೆ ನೆವೆನಾ ಪಾಸಿನ ಕಿಟಕಿಗೇ ಬರುತ್ತಾಳೆ. ಮೂರು ಕಂಪ್ಯೂಟರ್‌ಗಳ ಉತ್ತರವನ್ನೂ ಆ ಕಾಗದವನ್ನೂ ಓದಿದ ಸಮಿತಿ ಆಪಾದನೆ ಕೈಬಿಟ್ಟಿದೆ. ನಾಳೆಯಿಂದ ಅವಳು ಮತ್ತೆ ತರಗತಿಗೆ ಹೋಗಬಹುದು. ಸಾಲಿನಲ್ಲಿ ನಿಂತವರು ಬೈಯುತ್ತಿದ್ದರೂ ಇಬ್ಬರೂ ಕಿಟಕಿಯ ತೂತಿನಲ್ಲೇ ಕೈ ಹಿಡಿದುಕೊಳ್ಳುತ್ತಾರೆ.

ಸಂಜೆಯ ಹೊತ್ತಿಗೆ ಕಾಗದಕ್ಕೆ ಉತ್ತರ ಬರೆದವರು ಹನ್ನೊಂದು ಮಂದಿ. ಮೂವರು ಬೈದಿದ್ದಾರೆ. ಒಬ್ಬರು, ಯಾವ ಊರಿನವರೋ, ಹೋದ ಜುಲೈನಲ್ಲಿ ಕೊಟ್ಟ ವರದಿಯೊಂದನ್ನು ಈಗಲೇ ತೆಗೆದು ನೋಡುತ್ತಿದ್ದೇನೆ ಎಂದಿದ್ದಾರೆ.

ಇಷ್ಟೆಲ್ಲ ಮಾಡಿದ್ದಕ್ಕೆ ನಿನಗೇನು ಬೇಕೇ ಎಂದು ಕೇಳುತ್ತೇನೆ.

“ಆ ಜುಲೈನೋರು ಬೇಗ ನೋಡ್ಲಿ ಅಜ್ಜಿ. ಅಲ್ಲೂ ಒಬ್ಳು ಸ್ಟೂಲ್ ಮೇಲೆ ಕೂತಿರ್ಬೋದು.”